ಹಾಜರಿ ಪುಸ್ತಕದಲ್ಲಿ ಉಳಿದ ಹೆಸರು

ದೀಪಾವಳಿ ಕಳೆಯುವ ಹೊತ್ತಿಗೆ ಜತ್ತ ತಾಲ್ಲೂಕಿನ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಕೆಲವು ಕೃಷ್ಣಾ, ಪಂಚಗಂಗಾ ತೀರದ ಸಕ್ಕರೆ ಕಾರ್ಖಾನೆಗಳತ್ತ ಸಾಗಿದರೆ ಕೆಲವು ಗಡಿ ದಾಟಿ ಕರ್ನಾಟಕಕ್ಕೆ ಬರುತ್ತವೆ. ಮುಕಾದಮನು ಮೊದಲೇ ಕೊಟ್ಟ ಮುಂಗಡಕ್ಕೆ 'ಉಚಲ' ಎಂದು ಹೆಸರು. ಮರಾಠಿಯಲ್ಲಿ ಎತ್ತಿಕೊಂಡದ್ದು ಎಂದರ್ಥ. ಕನ್ನಡ ಮಾತನಾಡುವ ಮನೆಗಳಲ್ಲೂ ಆ ಪದ ಹಾಗೆಯೇ ನಡೆಯುತ್ತದೆ. ಸಾಲದ ಪದಗಳಿಗೆ ಭಾಷೆಯ ಗಡಿ ಅಡ್ಡಬಂದದ್ದಿಲ್ಲ. ಗಂಡಹೆಂಡಿರ ಜೋಡಿಯೊಂದಕ್ಕೆ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು, ಎಂಬ ಲೆಕ್ಕ. ಈ ಗಣಿತದಲ್ಲಿ ದುಡಿಯುವ ಇಬ್ಬರು ಒಂದಾಗುತ್ತಾರೆ. ಮಕ್ಕಳು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಅವರು ಹೋಗುತ್ತಾರೆ. ನೀರು ತರುತ್ತಾರೆ, ಕಬ್ಬಿನ ತುದಿಯ ಹಸಿಮೇವನ್ನು ಕಟ್ಟುತ್ತಾರೆ, ಕೂಸನ್ನು ಕಂಕುಳಲ್ಲಿ ಹೊತ್ತು ತಿರುಗುತ್ತಾರೆ. ಹೆಸರು ಮಾತ್ರ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ.

ಮಕ್ಕಳ ಬಡತನದ ವಿರುದ್ಧ ಈ ದೇಶ ಏನೂ ಮಾಡಲಿಲ್ಲವೆಂದರೆ ಅದು ಸುಳ್ಳು. ಅಂಗನವಾಡಿ 1975ರಲ್ಲಿಯೇ ಆರಂಭವಾಯಿತು. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಆದೇಶಿಸಿತು. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಎಂಬ ಪ್ರಮಾಣವೂ ನಿಗದಿಯಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಓದನ್ನು ಹಕ್ಕಾಗಿಸಿತು. ಒಳ್ಳೆಯ ಕಾರ್ಯಗಳೇ. ಆದರೆ ಇವೆಲ್ಲವೂ ಮಗುವಿಗೊಂದು ಕಾಯಂ ವಿಳಾಸವಿದೆಯೆಂದು ನಂಬಿ ರೂಪುಗೊಂಡಂಥವು. ಗುಳೆ ಹೋಗುವ ಮನೆಯ ಬಡತನ ಮನೆಯವರೊಂದಿಗೇ ನಡೆಯುತ್ತದೆ. ಊಟದ ತಟ್ಟೆ ಊರಲ್ಲೇ ಉಳಿಯುತ್ತದೆ.

ಇದಕ್ಕೆ ಕಾಯ್ದೆಯಲ್ಲಿ ಪರಿಹಾರವಿಲ್ಲದೆ ಇಲ್ಲ. ಮಗು ಹೋದೆಡೆಯ ಶಾಲೆಗೆ ಸೇರಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಹಾರಾಷ್ಟ್ರದಲ್ಲಿ ವಲಸೆಯ ಮಕ್ಕಳಿಗೆ ಶಿಕ್ಷಣ ಖಾತ್ರಿ ಪತ್ರವೆಂಬ ಏರ್ಪಾಡೂ ಇದೆ. ಆ ಪತ್ರ ಮಗುವಿನ ತರಗತಿಯನ್ನು ಹೊತ್ತೊಯ್ದೀತು, ಭಾಷೆಯನ್ನು ಹೊತ್ತೊಯ್ಯಲಾರದು. ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯವನ್ನು ಓದುತ್ತಿದ್ದ ಮೂರನೆಯ ತರಗತಿಯ ಹುಡುಗಿ ಕೃಷ್ಣಾ ದಂಡೆಯ ಮರಾಠಿ ಶಾಲೆಯ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಪಾಠ ಕಿವಿಗೆ ಹೊಂದತೊಡಗುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ಎಂದು ಕಾಯ್ದೆ ಹೇಳುತ್ತದೆ. ಆ 'ಸಾಧ್ಯವಾದ ಮಟ್ಟಿಗೆ' ಎಂಬುದರಲ್ಲಿ ಎಷ್ಟು ಮಕ್ಕಳು ಕಳೆದುಹೋಗುತ್ತಾರೋ! ಗಡಿಯಾಚೆ ಕರ್ನಾಟಕಕ್ಕೆ ಬಂದವರಿಗೆ ಶಾಲೆಯ ಭಾಷೆ ತಮ್ಮದೇ. ಪುಸ್ತಕ ಬೇರೆ, ದಾಖಲೆಯ ರಾಜ್ಯ ಬೇರೆ.

ಗಡಿನಾಡ ಕನ್ನಡ ಶಾಲೆಗಳು ಸೊರಗುತ್ತಿವೆ ಎಂಬ ಚರ್ಚೆ ಕನ್ನಡ ವಿಭಾಗಗಳಲ್ಲಿ ಆಗಾಗ ನಡೆಯುತ್ತದೆ. ಇಂಗ್ಲಿಷಿನ ಮೋಹ, ಮರಾಠಿಯ ಒತ್ತಡ, ಪಾಲಕರ ನಿರಭಿಮಾನ ಎಂದು ಕಾರಣಗಳನ್ನು ಪಟ್ಟಿ ಮಾಡುವುದು ಸುಲಭ. ವರ್ಷದ ಐದು ತಿಂಗಳು ಬೆಂಚು ಖಾಲಿಯಿರುವುದು ಮೋಹದಿಂದಲ್ಲ, ಉಚಲದಿಂದ ಎಂಬುದನ್ನು ಆ ಪಟ್ಟಿಗೆ ಸೇರಿಸಿದವರು ವಿರಳ. ಭಾಷಾಭಿಮಾನದ ಭಾಷಣಕ್ಕಿಂತ ಹಂಗಾಮಿ ವಸತಿಗೃಹವೊಂದು ಆ ಶಾಲೆಗೆ ಹೆಚ್ಚು ಉಪಕಾರಿ.

ಹಂಗಾಮಿ ವಸತಿಗೃಹ ಮಹಾರಾಷ್ಟ್ರಕ್ಕೆ ಹೊಸದಲ್ಲ. ತಾಯ್ತಂದೆ ಕಬ್ಬಿಗೆ ಹೋದಾಗ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಊಟ ಅಲ್ಲಿ ದೊರೆಯುತ್ತದೆ, ರಾತ್ರಿ ಅಜ್ಜಿಯ ಮನೆಯೋ ಶಾಲೆಯ ಕೋಣೆಯೋ. ಅವರದೇ ಶಾಲೆ, ಅವರದೇ ಮಾತು. ಆದರೆ ಅದು ಟ್ರಕ್ಕು ಬರುವ ಮುನ್ನ ತೆರೆದಿರಬೇಕು. ಮಂಜೂರಾತಿ ಡಿಸೆಂಬರಿನಲ್ಲಿ ಬಂದರೆ ಪ್ರಯೋಜನವೇನು? ಹೊರಟ ಮಗುವನ್ನು ನಡುವೆ ಮರಳಿ ಕಳಿಸುವ ತಾಯಿ ಇಲ್ಲ. ಎಳೆಯರನ್ನು ಹೆತ್ತವರಿಂದ ಅಗಲಿಸುವುದು ಸರಿಯೇ ಎಂಬ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ. ಹೆಣ್ಣುಮಕ್ಕಳನ್ನು ಬಿಟ್ಟುಹೋಗಲು ಅಂಜುವ ತಾಯಂದಿರ ಅಂಜಿಕೆ ನಿರಾಧಾರವಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಂಕುಳಲ್ಲಿರುವ ಕೂಸಿನದು. ಆರು ವರ್ಷದೊಳಗಿನವರಿಗೆ ಈ ವಸತಿಗೃಹದಲ್ಲಿ ಜಾಗವಿಲ್ಲ. ಹಾಲುಣ್ಣುವ ಮಗು ತಾಯಿಯ ಹಿಂದೆಯೇ ಹೋಗಬೇಕು. ತಾಯಿ ಕುಡುಗೋಲು ಹಿಡಿದಾಗ ಅದನ್ನು ನೋಡಿಕೊಳ್ಳಲು ಹತ್ತು ವರ್ಷದ ಅಕ್ಕನೂ ಹೋಗುತ್ತಾಳೆ. ಶಾಲೆ ಒಂದು ಇಲಾಖೆಗೆ, ಅಂಗನವಾಡಿ ಇನ್ನೊಂದಕ್ಕೆ ಸೇರಿರುವುದರಿಂದ ಈ ಅಕ್ಕತಂಗಿಯರ ಕಷ್ಟ ಒಂದೇ ಕಡತದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಬ್ಬಿನ ಗದ್ದೆಯ ಬದಿಯ ಗುಡಿಸಲುಗಳ ನಡುವೆ ಹಂಗಾಮಿನಷ್ಟು ಕಾಲ ಒಂದು ಅಂಗನವಾಡಿ ತೆರೆದರೆ ಅಕ್ಕ ಊರಲ್ಲಿ ಉಳಿದು ಓದಬಲ್ಲಳು. ಯಾವ ಟೋಳಿ ಯಾವ ಕಾರ್ಖಾನೆಗೆ ಬರುತ್ತದೆ, ಎಷ್ಟು ಕೊಯ್ತಾ ಎಂಬುದು ಸಾಗಣೆಯ ಒಪ್ಪಂದವಾಗುವಾಗಲೇ ಗೊತ್ತಿರುವ ಸಂಗತಿ. ಆ ಕಾಗದದಲ್ಲಿ ಮಕ್ಕಳ ವಯಸ್ಸಿಗೂ ಒಂದು ಕಾಲಂ ಇರಬೇಕು, ಅದರ ಪ್ರತಿ ದಸರೆಯೊಳಗೆ ಎರಡೂ ಇಲಾಖೆಗಳಿಗೆ ತಲುಪಬೇಕು.