ಸೋಲಮ್ ಬೇರೆ, ಸ್ಲಾಲಮ್ ಬೇರೆ

ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದೇ ತರಹ ಕಾಣುವ ಪದಗಳ ಪಟ್ಟಿ ಇದ್ದೇ ಇರುತ್ತದೆ. ಅದಕ್ಕೆ ನನ್ನದೂ ಒಂದು ಜೋಡಿ ಸೇರಿಸಿ: ಸೋಲಮ್, ಸ್ಲಾಲಮ್. ಇಂಗ್ಲಿಷಿನಲ್ಲಿ ಎರಡೂ ಎಸ್‌ನಿಂದ ಶುರುವಾಗಿ ಎಮ್‌ನಲ್ಲಿ ಮುಗಿಯುತ್ತವೆ, ನಡುವೆ ಎಲ್ ಮತ್ತು ಓ ಜಾಗ ಬದಲಿಸಿಕೊಂಡಿವೆ. ಅವಸರದಲ್ಲಿ ಕಣ್ಣು ಮೋಸ ಹೋಗುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಗೊಂದಲವೇ ಇಲ್ಲ.

ಸ್ಲಾಲಮ್ ನಾರ್ವೆಯ ಮಾತು. ಇಳಿಜಾರು, ಜಾಡು ಎಂಬ ಅರ್ಥದ ಎರಡು ಪದ ಸೇರಿ ಆಗಿದ್ದು. ಹಿಮದಲ್ಲಿ ನೆಟ್ಟ ಕಂಬಗಳ ನಡುವೆ ಎಡಕ್ಕೆ, ಬಲಕ್ಕೆ ತಿರುಗುತ್ತ ಇಳಿಯುವ ಸ್ಕೀಯಿಂಗ್ ಸ್ಪರ್ಧೆ ಅದು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಕಣಕ್ಕಿಳಿದವರು ಕಾಶ್ಮೀರದ ಆರಿಫ್ ಖಾನ್ ಒಬ್ಬರೇ. ಸ್ಲಾಲಮ್, ಜೈಂಟ್ ಸ್ಲಾಲಮ್ ಎರಡರಲ್ಲೂ ಸ್ಪರ್ಧಿಸಿದರು. ಹಿಮವನ್ನು ಫ್ರಿಜ್ಜಿನಲ್ಲಷ್ಟೇ ಕಂಡ ಶಿರಗುಪ್ಪಿಯವರಿಗೆ ಇಷ್ಟು ಸಾಕು.

ಸೋಲಮ್ ಹಾಗಲ್ಲ, ಅದು ನಮ್ಮ ಕಾಲಕೆಳಗೇ ಇದೆ. ನೆಲ ಎಂಬರ್ಥದ ಲ್ಯಾಟಿನ್ ಪದ. ಮಣ್ಣಿನ ಮೇಲಿನ ಎ ಪದರ, ಕೆಳಗಿನ ಬಿ ಪದರ ಎರಡೂ ಸೇರಿದರೆ ಸೋಲಮ್. ಬೇರು, ಹುಳು, ನೀರು ಹೆಚ್ಚಾಗಿ ಕೆಲಸ ಮಾಡುವುದು ಅಲ್ಲಿಯೇ. ಪುಸ್ತಕದ ಚಿತ್ರದಲ್ಲಿ ಪದರಗಳ ನಡುವೆ ಚೆಂದದ ಗೆರೆ ಎಳೆದಿರುತ್ತಾರೆ. ನಮ್ಮ ಎರಿ ಹೊಲದಲ್ಲಿ ಗುಂಡಿ ತೆಗೆಯಿರಿ, ಆ ಗೆರೆ ಸುಲಭಕ್ಕೆ ಸಿಗುವುದಿಲ್ಲ. ಬೇಸಿಗೆಯಲ್ಲಿ ನೆಲ ಬಾಯಿಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದಾಗ ಒಳಗಿನದು ಉಬ್ಬಿ ಮೇಲಕ್ಕೆ ಒತ್ತುತ್ತದೆ. ಈ ಮಣ್ಣಿನ ಶಾಸ್ತ್ರೀಯ ಹೆಸರು ವರ್ಟಿಸಾಲ್. ಅದೂ ಲ್ಯಾಟಿನ್ನಿನ 'ತಿರುಗಿಸು' ಎಂಬ ಪದದಿಂದಲೇ ಬಂದಿದ್ದು. ಅಲ್ಲಿ ಹಿಮದ ಮೇಲೆ ಆಟಗಾರ ತಿರುಗಿದರೆ ಇಲ್ಲಿ ನೆಲವೇ ತಿರುಗುತ್ತದೆ!

ನನ್ನ ತಕರಾರು ಇರುವುದು ಇಲ್ಲಿ. ಇಂಥ ಪದವನ್ನು ನಾವು ಒಂದು ಅಂಕಕ್ಕೆ ಉರುಹೊಡೆಯುತ್ತೇವೆ. ಸೋಲಮ್ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ಒಪ್ಪಿಸುತ್ತೇವೆ. ನಿಮ್ಮೂರಿನಲ್ಲಿ ಅದು ಎಷ್ಟು ಆಳ ಇದೆ ಎಂದರೆ ಮುಖ ಮುಖ ನೋಡುತ್ತೇವೆ. ಎರಿಯಲ್ಲಿ ಮನೆ ಕಟ್ಟುವಾಗ ಕೆಳಗೆ ಗರಸು ಸಿಗುವ ತನಕ ಅಗೆಯಬೇಕು ಎಂದು ಊರಿನ ಹಿರಿಯರು ಹೇಳುತ್ತಾರೆ. ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ಪಾಯ ನಿಲ್ಲಿಸಿದರೆ ಗೋಡೆ ಸೀಳುತ್ತದೆ. ಸಿವಿಲ್ ಓದಿ ಸೈಟಿಗೆ ಹೋಗುವವರು ನಾಳೆ ಉತ್ತರ ಕೊಡಬೇಕಾದದ್ದು ಈ ಸೀಳಿಗೆ. ಆದರೂ ನೋಟ್ಸಿನಲ್ಲಿ ಎರಿ, ಗರಸು, ಮಸಾರಿ ಎಂಬ ಪದಗಳಿಗೆ ಜಾಗವಿಲ್ಲ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೋಡುವ ಪರೀಕ್ಷೆಯೊಂದು ಭಾರತೀಯ ಮಾನಕ 2720ರ 40ನೇ ಭಾಗದಲ್ಲಿದೆ. ಜರಡಿ ಹಿಡಿದ ತಲಾ 10 ಗ್ರಾಂ ಒಣ ಮಣ್ಣು, ಎರಡು ಅಳತೆ ಜಾಡಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಪ್ರಯೋಗಾಲಯಕ್ಕೆ ಪ್ರತಿಯೊಬ್ಬರೂ ಅವರವರ ಊರಿನ ಹಿಡಿ ಮಣ್ಣು ತರಲಿ, ಡಬ್ಬಿಯ ಮೇಲೆ ಊರಿನವರು ಕರೆಯುವ ಹೆಸರನ್ನೇ ಬರೆಯಲಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದರೆ ಎರಿ ನೀರಿನ ಜಾಡಿಯಲ್ಲಿ ಎಷ್ಟು ಗೆರೆ ಮೇಲೆ ಬಂದಿದೆ, ಮಸಾರಿ ಎಲ್ಲಿ ನಿಂತಿದೆ ಎಂದು ಅಕ್ಕಪಕ್ಕ ಇಟ್ಟು ಓದಬಹುದು.