ಕಾರ್ಡು ಕೆಟ್ಟರೆ ಪೆಟ್ಟಿಗೆಯನ್ನೇ ಎಸೆಯಬೇಕೇ?

ಮಿರ್ಜಾನ ಕೋಟೆಯ ಒಂದು ಚಿರೆಕಲ್ಲು ಉದುರಿದರೆ ಇಡೀ ಗೋಡೆಯನ್ನು ಕೆಡವುತ್ತೇವೆಯೇ? ಇಲ್ಲ. ಹಾಗಾದರೆ ರೂಟರಿನಲ್ಲಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಾರ್ಡು ಕೆಟ್ಟಾಗ ಸಾವಿರಾರು ರೂಪಾಯಿಯ ಪೆಟ್ಟಿಗೆಯನ್ನೇ ಗುಜರಿಗೆ ಹಾಕುವುದೇಕೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಬುದ್ಧಿ ಇನ್ನೆಷ್ಟು ದಿನ?

ಯುವ ಮಿತ್ರರೇ, ಇದು ಸಣ್ಣ ಮಾತಲ್ಲ. ಅಘನಾಶಿನಿ ಸೀಮೆಯಲ್ಲಿ ಮಳೆಗಾಲವೆಂದರೆ ಕರೆಂಟು ಕೈಕೊಡುವ ಕಾಲ. ಇ-ಸ್ವತ್ತಿನ ನಮೂನೆಗೂ ನೆಟ್‌ವರ್ಕ್ ಬೇಕು, ಪಹಣಿಗೂ ಬೇಕು, ಬ್ಯಾಂಕಿನ ಹಣಕ್ಕೂ ಬೇಕು. ಅದು ನಿಂತಿತೋ, ಜನ ಬರಿಗೈಯಲ್ಲಿ ಮನೆಗೆ ಮರಳಬೇಕು!

ಮರ್ಮ ಇಲ್ಲಿದೆ, ಕೇಳಿ. ಸಿಸ್ಕೋ 1841, 2811ರಂಥ ಹಳೆಯ ರೂಟರುಗಳಲ್ಲಿ ಚಾಲಕ ತಂತ್ರಾಂಶ ಇರುವುದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಲ್ಲಿ, ಸೆಟ್ಟಿಂಗು ಬೇರೆಡೆ. ರೂಟರು ಶುರುವಾಗುವಾಗ ತಂತ್ರಾಂಶ ಕಾರ್ಡಿನಿಂದ ರ‍್ಯಾಮ್‌ಗೆ ಬಂದು ಕೂರುತ್ತದೆ. ಆದ್ದರಿಂದ ಆಮೇಲೆ ಕಾರ್ಡು ಸತ್ತರೂ ಪೆಟ್ಟಿಗೆ ಓಡುತ್ತಲೇ ಇರುತ್ತದೆ. ಕರೆಂಟು ಹೋಗಿ ಬಂದಾಗಲೇ ಬಣ್ಣ ಬಯಲು! ಆಗ ತಂತ್ರಾಂಶದ ಪ್ರತಿ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಮಳೆಗಾಲಕ್ಕೆ ಮೊದಲೇ ಮಾಡಬೇಕಾದ ಕೆಲಸ ಇಷ್ಟೇ: ರೂಟರು ಚಾಲೂ ಇರುವಾಗ ತಂತ್ರಾಂಶ, ಸೆಟ್ಟಿಂಗು ಎರಡನ್ನೂ ಕಂಪ್ಯೂಟರಿಗೆ ನಕಲು ಮಾಡಿಡಿ. ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಮೈಯ ಸ್ಥಿರ ವಿದ್ಯುತ್ತು ಇಳಿಯಲು ಅರ್ತಿಂಗ್ ಇರುವ ಲೋಹವನ್ನು ಮುಟ್ಟಿ. ಹೊಸ ಕಾರ್ಡನ್ನು ನೆಟ್ಟಗೆ, ಮೆಲ್ಲಗೆ ಸಿಕ್ಕಿಸಿ. ಒಳಗೆ 50 ಸಣ್ಣ ಪಿನ್ನುಗಳಿವೆ, ಬಗ್ಗಿದರೆ ಕಥೆ ಮುಗಿಯಿತು. ರೂಟರಿನಲ್ಲೇ ಫಾರ್ಮ್ಯಾಟ್ ಮಾಡಿ, ತಂತ್ರಾಂಶ ತುಂಬಿ, ಚೆಕ್‌ಸಮ್ ತಾಳೆ ನೋಡಿ, ಮತ್ತೆ ಚಾಲೂ ಮಾಡಿ. ಹಳೆಯ ಕಾರ್ಡಿಗೆ ಚೀಟಿ ಅಂಟಿಸಿ ಎತ್ತಿಡಿ.

ಎಚ್ಚರ! ಎಲ್ಲ ಪೆಟ್ಟಿಗೆಗೂ ಇದು ಅನ್ವಯಿಸದು. ಮನೆಗೆ ಬರುವ ಅಗ್ಗದ ರೂಟರುಗಳಲ್ಲಿ ಮೆಮೊರಿ ಚಿಪ್ಪನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಕಂಪನಿಯ ಸೊತ್ತನ್ನು ಕೇಳದೆ ಬಿಚ್ಚಬೇಡಿ.

'ಹಳ್ಳಿಯವರ ಕೈಲಿ ಇದೆಲ್ಲ ಆಗದು' ಎನ್ನುವವರಿಗೆ ಕಿತ್ತೂರನ್ನು ತೋರಿಸಿ. 1984ರಲ್ಲಿ ಹುಟ್ಟಿದ ಸಿ-ಡಾಟ್ ತನ್ನ 128 ಪೋರ್ಟಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಚಾಲೂ ಮಾಡಿದ್ದು ಅಲ್ಲೇ. ಎ.ಸಿ. ಇಲ್ಲದೆ, ನಮ್ಮ ಧೂಳು ಬಿಸಿಲಿನಲ್ಲೇ ಅದು ದುಡಿಯಿತು. ಒಂದು ಕಾರ್ಡು ಕೆಟ್ಟರೆ ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವುದೇ ಅದರ ರಿಪೇರಿ!

2022ರಲ್ಲಿ ಕೇಂದ್ರ ಸರ್ಕಾರ 'ದುರಸ್ತಿ ಹಕ್ಕು' ಪೋರ್ಟಲ್ ತೆರೆಯಿತು. ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೈಗೆ ಬರಬೇಕು. ಇಂಥ ರೂಟರು ಇರುವ ಪ್ರತಿ ಕಚೇರಿ, ಶಾಲೆ, ಸೊಸೈಟಿಯಲ್ಲಿ ತಂತ್ರಾಂಶ ತುಂಬಿದ ಒಂದು ಹೆಚ್ಚುವರಿ ಕಾರ್ಡು ಇರಲಿ. ಅದರ ಪಕ್ಕದಲ್ಲೇ ಬದಲಿಸುವ ಕ್ರಮ ಒಂದು ಪುಟದ ಕನ್ನಡದಲ್ಲಿ ಇರಲಿ.

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಗೆಳೆಯರೇ, ಆ ಒಂದು ಪುಟವನ್ನು ಬರೆಯಬೇಕಾದವರು ನೀವು. ಈ ಸಲ ಊರಿಗೆ ಹೋದಾಗ ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಕಾರ್ಡು ಬದಲಿಸಿ ತೋರಿಸಿ. ಕಲಿತ ವಿದ್ಯೆ ಊರಿಗೆ ದಕ್ಕದಿದ್ದರೆ ಅದೆಂಥ ವಿದ್ಯೆ?