ಸಿಂಹಳದ ರೂಪಾಯಿ ಬಿದ್ದದ್ದೇಕೆ?

ವಿದೇಶೀ ವಿನಿಮಯದ ದರವೆಂದರೆ ಅದು ಮುಂಬಯಿಯ ಬ್ಯಾಂಕಿನವರ, ದಿಲ್ಲಿಯ ಮಂತ್ರಿಗಳ ವ್ಯವಹಾರವೆಂದು ನಮ್ಮ ಗಿರಣಿ ಕಾರ್ಮಿಕನೂ ಕಿರಾಣಿ ಅಂಗಡಿಯವನೂ ಭಾವಿಸುವುದು ವಾಡಿಕೆ. ಪತ್ರಿಕೆಯ ಮೂಲೆಯಲ್ಲಿ ಡಾಲರಿನ ಬೆಲೆ ಅಚ್ಚಾಗಿದ್ದರೆ ಅದನ್ನು ದಾಟಿ ಅಡಿಕೆ, ಮೆಣಸಿನ ಧಾರಣೆಯತ್ತ ಕಣ್ಣು ಹಾಯಿಸುತ್ತೇವೆ. ಆದರೆ ಮಿರ್ಜಾನದಂಥ ಊರಿನವರಿಗೆ ಈ ಉದಾಸೀನ ತರವಲ್ಲ. ಅಘನಾಶಿನಿಯ ಬದಿಯ ಈ ಊರಿಗೆ ಇಂದು ಜನ ಕೋಟೆ ನೋಡಲು ಬರುತ್ತಾರೆ. 16ನೆಯ ಶತಮಾನದಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ, ಕಾಳುಮೆಣಸಿನ ವ್ಯಾಪಾರಕ್ಕೆ ಬರುತ್ತಿದ್ದರು. ಪರದೇಶದ ಹಣ ಬಂದಾಗ ಊರು ಹೇಗೆ ಮೆರೆಯುತ್ತದೆ, ಅದು ನಿಂತಾಗ ಹೇಗೆ ಸೊರಗುತ್ತದೆ ಎಂಬುದು ನಮ್ಮ ಕರಾವಳಿಗೆ ಹಳೆಯ ಪಾಠ. ಅದೇ ಪಾಠವನ್ನು 2020ರ ಕೋವಿಡ್ ಪಿಡುಗು ನಮ್ಮ ನೆರೆಯ ಸಿಂಹಳಕ್ಕೆ, ಅಂದರೆ ಶ್ರೀಲಂಕೆಗೆ, ಬಲು ಕಠೋರವಾಗಿ ಕಲಿಸಿತು. ಅದನ್ನು ಇಲ್ಲಿ ಬಿಡಿಸಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಲೆಕ್ಕ ಸರಳವಾಗಿರಲಿ. ಜರ್ಮನಿಯ ಪ್ರವಾಸಿಯೊಬ್ಬ ಸಿಂಹಳದ ಗಾಲೆ ಪಟ್ಟಣಕ್ಕೆ ಬಂದು ತನ್ನ ಹಣವನ್ನು ಅಲ್ಲಿನ ರೂಪಾಯಿಗೆ ಬದಲಾಯಿಸುತ್ತಾನೆ. ಆ ರೂಪಾಯಿ ವಸತಿಗೃಹದವನಿಗೆ, ರಿಕ್ಷಾದವನಿಗೆ, ಮೀನು ತಂದುಕೊಡುವವಳಿಗೆ ಹಂಚಿಹೋಗುತ್ತದೆ. ಅವನು ಕೊಟ್ಟ ವಿದೇಶೀ ಹಣ ಬ್ಯಾಂಕಿನಲ್ಲಿ ಉಳಿಯುತ್ತದೆ. ಆ ಹಣದಿಂದಲೇ ದೇಶವು ಪೆಟ್ರೋಲು, ಚಿಮಣಿ ಎಣ್ಣೆ, ಔಷಧ, ಹಾಲಿನ ಪುಡಿ ತರಿಸಿಕೊಳ್ಳುತ್ತದೆ. ಹೀಗೆ ನೋಡಿದರೆ ಪ್ರವಾಸಿಗೆ ಕೊಡುವ ಕೋಣೆಯೂ ಊಟವೂ ಒಂದು ರಫ್ತು ಸರಕೇ. ಆದರೆ ಮೆಣಸಿಗೂ ಇದಕ್ಕೂ ದೊಡ್ಡ ಅಂತರವುಂಟು. ಧಾರಣೆ ಬಿದ್ದರೆ ಮೆಣಸನ್ನು ಚೀಲದಲ್ಲಿ ಕಟ್ಟಿಟ್ಟು ಮುಂದಿನ ವರ್ಷ ಮಾರಬಹುದು. ನಿನ್ನೆ ರಾತ್ರಿ ಖಾಲಿ ಬಿದ್ದ ಕೋಣೆಯನ್ನು ನಾಳೆ ಮಾರಲು ಯಾರಿಗೂ ಸಾಧ್ಯವಿಲ್ಲ.

2018ರಲ್ಲಿ ಸಿಂಹಳಕ್ಕೆ 23 ಲಕ್ಷ ಪ್ರವಾಸಿಗಳು ಬಂದರು. ಅವರಿಂದ ದೇಶಕ್ಕೆ ದೊರೆತದ್ದು ಸುಮಾರು 438 ಕೋಟಿ ಡಾಲರು. 2019ರ ಏಪ್ರಿಲಿನಲ್ಲಿ ಈಸ್ಟರ್ ಹಬ್ಬದ ದಿನ ನಡೆದ ಬಾಂಬು ದಾಳಿಯಿಂದ ಆ ಉದ್ಯಮಕ್ಕೆ ಮೊದಲ ಏಟು ಬಿತ್ತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ, 2020ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ವಿಮಾನ ನಿಲ್ದಾಣಗಳು ಮುಚ್ಚಿದವು. ಪ್ರವಾಸಿಗಳಿಗೆ ಅವು ಮತ್ತೆ ತೆರೆದದ್ದು 2021ರ ಜನವರಿಯಲ್ಲಿ. ತೆರೆದ ಮೇಲೂ ಆ ಇಡೀ ವರ್ಷದಲ್ಲಿ ಬಂದವರು 2 ಲಕ್ಷಕ್ಕೂ ಕಡಿಮೆ. ವರಮಾನ 51 ಕೋಟಿ ಡಾಲರಿಗೆ ಇಳಿಯಿತು. ಎಂಟು ಕೊಡ ನೀರು ಕೊಡುತ್ತಿದ್ದ ಬಾವಿ ಒಂದು ಕೊಡಕ್ಕೆ ಬಂದಂತೆ. 2019ರ ಕೊನೆಗೆ 760 ಕೋಟಿ ಡಾಲರಿನಷ್ಟಿದ್ದ ದೇಶದ ವಿದೇಶೀ ವಿನಿಮಯ ನಿಧಿ 2021ರ ಕೊನೆಗೆ 310 ಕೋಟಿಗೆ ಕರಗಿತ್ತು.

ಅರ್ಥಶಾಸ್ತ್ರದ ಪಂಡಿತರು ಇಲ್ಲೊಂದು ಸಮಾಧಾನ ಹೇಳುವುದುಂಟು. ನಾಣ್ಯ ಅಗ್ಗವಾದರೆ ದೇಶವೂ ಪ್ರವಾಸಿಗೆ ಅಗ್ಗವಾಗುತ್ತದೆ, ಅವನು ಮತ್ತೆ ಬರುತ್ತಾನೆ, ಡಾಲರು ಬರುತ್ತದೆ, ನಾಣ್ಯ ಚೇತರಿಸಿಕೊಳ್ಳುತ್ತದೆ ಎಂದು. ಸಾಧಾರಣ ಕಾಲದಲ್ಲಿ ಈ ಮಾತು ಸುಳ್ಳಲ್ಲ. ಆದರೆ ಪಿಡುಗಿನ ಕಾಲದಲ್ಲಿ ಗಿರಾಕಿ ಬಾರದಿರುವುದಕ್ಕೆ ಬೆಲೆ ಕಾರಣವಲ್ಲ. ಹೊರಡುವ ಊರಿನ ಬಾಗಿಲೂ ಸೇರುವ ಊರಿನ ಬಾಗಿಲೂ ಮುಚ್ಚಿರುತ್ತವೆ. ಕೋಣೆಯ ಬಾಡಿಗೆ ಅರ್ಧಕ್ಕಿಳಿಸಿದರೂ ಬರುವವರಿಲ್ಲ. ಆಗ ನಾಣ್ಯ ಬಿದ್ದರೆ ಲಾಭದ ಭಾಗ ಮಾಯವಾಗಿ ನಷ್ಟದ ಭಾಗ ಮಾತ್ರ ಉಳಿಯುತ್ತದೆ: ಹೊರಗಿನಿಂದ ತರಿಸುವುದೆಲ್ಲ ತುಟ್ಟಿ.

ಎಲ್ಲ ತಪ್ಪನ್ನೂ ರೋಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಿಡುಗಿಗೆ ಮೊದಲೇ ಆ ದೇಶ ಪರದೇಶದ ಸಾಲದಲ್ಲಿ ಮುಳುಗಿತ್ತು. 2019ರ ಕೊನೆಗೆ ಅಧಿಕಾರಕ್ಕೆ ಬಂದ ಗೋಟಬಯ ರಾಜಪಕ್ಸರ ಸರಕಾರ ತೆರಿಗೆಗಳನ್ನು ಭಾರಿಯಾಗಿ ಇಳಿಸಿ ಬೊಕ್ಕಸ ಬರಿದು ಮಾಡಿಕೊಂಡಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಲ್ಲಿಸಿ ಭತ್ತ ಬೆಳೆಯುವವರನ್ನೂ ಚಹದ ತೋಟದವರನ್ನೂ ಕಂಗೆಡಿಸಿತು. ಇಷ್ಟಾದ ಮೇಲೂ ಡಾಲರಿನ ದರವನ್ನು 200 ರೂಪಾಯಿಯ ಆಸುಪಾಸಿನಲ್ಲಿ ಆಜ್ಞೆಯ ಬಲದಿಂದ ಹಿಡಿದಿಡಲಾಯಿತು. ಜ್ವರಮಾಪಕವನ್ನು ಮುರಿದರೆ ಜ್ವರ ಇಳಿಯುವುದಿಲ್ಲ.

ಆ ಹಠದ ಫಲವೇನೆಂಬುದು ಭಟ್ಕಳದ ನಮ್ಮ ಓದುಗರಿಗೆ ಬೇಗ ತಿಳಿಯುತ್ತದೆ. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ದೇಶದಿಂದ ಬರುವ ಹಣದಿಂದ. ಸಿಂಹಳದ ಕೆಲಸಗಾರರೂ ಹಾಗೆಯೇ ಮನೆಗೆ ಹಣ ಕಳಿಸುವವರು. ಬ್ಯಾಂಕು ಡಾಲರಿಗೆ 200 ಕೊಡುವಾಗ ಹುಂಡಿಯವನು ಅದಕ್ಕಿಂತ ಹೆಚ್ಚು ಕೊಟ್ಟರೆ ಬಡವನ ಹಣ ಯಾವ ದಾರಿ ಹಿಡಿದೀತು? 2020ರಲ್ಲಿ ಬ್ಯಾಂಕುಗಳ ಮೂಲಕ 710 ಕೋಟಿ ಡಾಲರು ಬಂದಿತ್ತು. 2021ರಲ್ಲಿ ಬಂದದ್ದು 549 ಕೋಟಿ. ಪ್ರವಾಸಿಯ ಡಾಲರನ್ನು ರೋಗ ತಡೆಯಿತು. ದುಡಿಯುವವನ ಡಾಲರನ್ನು ಸರಕಾರ ತಾನೇ ತಡೆಯಿತು.

2022ರ ಮಾರ್ಚ್ 7ರಂದು ಹಿಡಿತ ಸಡಿಲಿಸಲೇಬೇಕಾಯಿತು. ಮೇ ತಿಂಗಳ ಹೊತ್ತಿಗೆ ಡಾಲರಿಗೆ 360 ರೂಪಾಯಿ. ಏಪ್ರಿಲ್ 12ರಂದೇ ಸರಕಾರ ಪರದೇಶದ ಸಾಲ ತೀರಿಸಲು ತನ್ನಿಂದಾಗದೆಂದು ಸಾರಿತ್ತು. ತಿಂಗಳಿಗೆ 36,000 ರೂಪಾಯಿ ಪಗಾರದ ಗಿರಣಿ ಕಾರ್ಮಿಕನೊಬ್ಬನನ್ನು ಊಹಿಸಿಕೊಳ್ಳಿ. ಹಳೆಯ ದರದಲ್ಲಿ ಅವನ ಪಗಾರ 180 ಡಾಲರು. ಹೊಸ ದರದಲ್ಲಿ 100. ಮಾಲಿಕನು ನೋಟೀಸು ಹಚ್ಚಲಿಲ್ಲ, ಸಂಘದೊಡನೆ ಮಾತುಕತೆ ನಡೆಯಲಿಲ್ಲ, ಪಗಾರದ ಪುಸ್ತಕದಲ್ಲಿ ಒಂದಂಕಿಯೂ ಬದಲಾಗಲಿಲ್ಲ. ಆದರೂ ಹೊರಗಿನ ಸರಕನ್ನು ಕೊಳ್ಳುವ ಅವನ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯಿತು. ನಾಣ್ಯದ ಪತನವೆಂದರೆ ಯಾರೂ ಸಹಿ ಮಾಡದ ಪಗಾರ ಕಡಿತ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ಬೆಲೆಯೇರಿಕೆ ನೂರಕ್ಕೆ 70ನ್ನು ಮುಟ್ಟಿತು. ಅಡಿಗೆಯ ಗ್ಯಾಸಿಗೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತ ಜನ ಜುಲೈಯಲ್ಲಿ ಅಧ್ಯಕ್ಷರ ಭವನಕ್ಕೇ ನುಗ್ಗಿದರು; ಅಧ್ಯಕ್ಷರು ದೇಶ ಬಿಟ್ಟು ಓಡಿದರು.

ಅನಂತರದ ಔಷಧವೂ ಬಡವನ ಬಾಯಿಗೇ ಬಿತ್ತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರಾಯಿತು. 2024ರ ಜನವರಿಯಿಂದ ಮೌಲ್ಯವರ್ಧಿತ ತೆರಿಗೆ ನೂರಕ್ಕೆ 15ರಿಂದ 18ಕ್ಕೇರಿತು. 2023ರಲ್ಲಿ ದೇಶದೊಳಗಿನ ಸಾಲವನ್ನು ಹೊಂದಿಸುವಾಗ ಕಾರ್ಮಿಕರ ಭವಿಷ್ಯ ನಿಧಿಯ ಕೈಯಲ್ಲಿದ್ದ ಸರಕಾರಿ ಬಾಂಡುಗಳನ್ನು ಬದಲಾಯಿಸಿ ಅವಧಿ ಮುಂದೂಡಲಾಯಿತು. ಬ್ಯಾಂಕುಗಳ ಕೈಯಲ್ಲಿದ್ದ ಬಾಂಡುಗಳಿಗೆ ವಿನಾಯಿತಿ ಸಿಕ್ಕಿತು. 2024ರಲ್ಲಿ ಪ್ರವಾಸಿಗಳ ಸಂಖ್ಯೆ ಮತ್ತೆ 20 ಲಕ್ಷ ದಾಟಿತು, ರೂಪಾಯಿಯೂ 300ರ ಒಳಗೆ ಬಂತು. ಆದರೆ 200ಕ್ಕೆ ಮರಳಲಿಲ್ಲ.

ಪಿಡುಗು ಬಂದಲ್ಲೆಲ್ಲ ನಾಣ್ಯ ಹೀಗೆಯೇ ಬೀಳಬೇಕೆಂದೇನೂ ಇಲ್ಲ. ಥಾಯ್ಲೆಂಡಿಗೆ 2019ರಲ್ಲಿ 4 ಕೋಟಿಯ ಹತ್ತಿರ ಪ್ರವಾಸಿಗಳು ಬಂದಿದ್ದರು. 2021ರಲ್ಲಿ ಬಂದವರು 4 ಲಕ್ಷದಷ್ಟು. ಆದರೂ ಡಾಲರಿಗೆ 30ರ ಆಸುಪಾಸಿನಲ್ಲಿದ್ದ ಅದರ ಬಾತ್ ನಾಣ್ಯ 2021ರ ಕೊನೆಗೆ 33ರಷ್ಟಕ್ಕೆ ಇಳಿದು ನಿಂತಿತು. ಕಾರಣ, ಅಲ್ಲಿ ಮೋಟಾರು ಗಾಡಿ ಮಾಡುವ ಕಾರ್ಖಾನೆಗಳಿವೆ, ಅಕ್ಕಿ, ರಬ್ಬರಿನ ರಫ್ತು ಇದೆ; 1997ರಲ್ಲಿ ನಾಣ್ಯ ಕುಸಿದು ಪೆಟ್ಟು ತಿಂದ ಮೇಲೆ ಕೂಡಿಟ್ಟ ದೊಡ್ಡ ನಿಧಿಯೂ ಇತ್ತು. ಕಣಜದಲ್ಲಿ ಭತ್ತ ಇದ್ದವನು ಒಂದು ಮಳೆಗಾಲ ತಡೆದುಕೊಂಡಾನು.

ಭಾರತದ್ದೂ ಇದೇ ಕಥೆ. 2019ರಲ್ಲಿ 1 ಕೋಟಿ 9 ಲಕ್ಷ ವಿದೇಶೀಯರು ಬಂದರು, 2021ರಲ್ಲಿ 15 ಲಕ್ಷ. 2019ರ ಕೊನೆಗೆ 71ರಷ್ಟಿದ್ದ ಡಾಲರು 2020ರ ಏಪ್ರಿಲಿನಲ್ಲಿ 77ರ ಹತ್ತಿರ ಹೋಯಿತು, ಅಷ್ಟೆ. ನಮ್ಮ ದೇಶದ ಹೊಟ್ಟೆ ಪ್ರವಾಸಿಯ ಕೈಯಲ್ಲಿಲ್ಲ. ಆದರೆ ಗೋಕರ್ಣದ ಹೊಟ್ಟೆ? 2020ರ ಮಾರ್ಚ್ 13ರಿಂದ ಪ್ರವಾಸೀ ವೀಸಾಗಳು ರದ್ದಾದಾಗ ದಿಲ್ಲಿಯಲ್ಲಿ ರೂಪಾಯಿ ನಿಂತಿತು, ಗೋಕರ್ಣದಲ್ಲಿ ರಿಕ್ಷಾ ನಿಂತಿತು. ದೇಶದ ವಿನಿಮಯ ದರದಲ್ಲಿ ಓಂ ಬೀಚಿನ ಖಾನಾವಳಿಯ ಹುಡುಗನ ಹಸಿವು ಕಾಣುವುದಿಲ್ಲ. ಒಂದೇ ಆದಾಯವನ್ನು ನೆಚ್ಚಿದ ಊರೂ ಒಂದು ಸಣ್ಣ ಸಿಂಹಳವೇ.

ಸಿಂಹಳದ ಪೆಟ್ಟು ನಮ್ಮ ಅಂಗಳಕ್ಕೂ ಬರುವ ದಾರಿಯಿದೆ. ಅಲ್ಲಿನ ರೂಪಾಯಿ ಅಗ್ಗವಾದಾಗ ಅಲ್ಲಿನ ವ್ಯಾಪಾರಿ ಡಾಲರಿನಲ್ಲಿ ಬೆಲೆ ಇಳಿಸಿ ಮೆಣಸು ಮಾರಿದರೂ ಅವನಿಗೆ ಗಿಟ್ಟುತ್ತದೆ. 2000ದಿಂದ ಜಾರಿಯಲ್ಲಿರುವ ಮುಕ್ತ ವ್ಯಾಪಾರ ಒಪ್ಪಂದದಡಿ ಆ ಮೆಣಸು ನಮ್ಮ ಪೇಟೆಗೆ ಬರುತ್ತದೆ. ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು 2017ರ ಡಿಸೆಂಬರಿನಲ್ಲಿ ಸರಕಾರ ಗೊತ್ತುಪಡಿಸಿದ್ದು ಬೆಳೆಗಾರರ ಕೂಗಿನಿಂದಲೇ. ಇಂಥ ತಡೆಗಳನ್ನು ಕಾಯ್ದುಕೊಳ್ಳುವುದು ಹೊನ್ನಾವರ, ಕುಮಟೆಯ ಸಣ್ಣ ಹಿಡುವಳಿದಾರನಿಗೆ ಜೀವದ ಪ್ರಶ್ನೆ.

ಒಂದೇ ಸರಕನ್ನು ನೆಚ್ಚಿ ಕೆಟ್ಟ ಊರಿಗೆ ನಾವು ಸಮುದ್ರ ದಾಟಬೇಕಾಗಿಲ್ಲ. 19ನೆಯ ಶತಮಾನದಲ್ಲಿ ಧಾರವಾಡದ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಊರಿನ ಹೆಸರೇ ಹತ್ತಿಯ ಹೆಸರಾಗಿ ಪರದೇಶದ ಪೇಟೆಯಲ್ಲಿ ನಡೆಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಇಲ್ಲಿ ಹಣ ಹರಿಯಿತು. ಮುಂದೆ ಮಾರ್ಮಗೋವಾಕ್ಕೆ ರೈಲು ಬಂತು. ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಬಂದರು ಮಂಕಾಯಿತು.

ಪ್ರವಾಸಿಗಳು ಬರಬಾರದೆಂದು ನಾವು ಹೇಳುವುದಿಲ್ಲ. ಅತಿಥಿ ಬರಲಿ, ವ್ಯಾಪಾರ ನಡೆಯಲಿ. ಆದರೆ ಕರಾವಳಿಯ ಏಳಿಗೆಗೆ ರೆಸಾರ್ಟುಗಳೊಂದೇ ದಾರಿಯೆಂದು ಸಾರುವವರು ಸಿಂಹಳದ ಲೆಕ್ಕವನ್ನು ಓದಲಿ. ಅಘನಾಶಿನಿಯ ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ, ಅಳಿವೆಯ ಬಳಚು, ಸಾಣಿಕಟ್ಟೆಯ ಉಪ್ಪು, ಕಡಲಿನ ಮೀನು: ವಿಮಾನ ನಿಂತರೂ ಇವು ನಿಲ್ಲುವುದಿಲ್ಲ. ಇವನ್ನು ಮುಚ್ಚಿ ಕಟ್ಟಡ ಕಟ್ಟುವುದು ಕಣಜ ಮಾರಿ ಕುರ್ಚಿ ಕೊಂಡಂತೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಗಜನಿ ಭೂಮಿಯನ್ನೂ ಮೀನುಗಾರರ ದಡವನ್ನೂ ಪ್ರವಾಸೋದ್ಯಮಕ್ಕಾಗಿ ಕಬಳಿಸಕೂಡದು. ವಸತಿಗೃಹ, ಖಾನಾವಳಿಗಳಲ್ಲಿ ದುಡಿಯುವವರ ಹೆಸರು ಹಾಜರಿ ಪುಸ್ತಕದಲ್ಲಿರಬೇಕು. ಭವಿಷ್ಯ ನಿಧಿ, ಆರೋಗ್ಯ ವಿಮೆ ಅವರಿಗೂ ಸಲ್ಲಬೇಕು. ಒಳ್ಳೆಯ ವರ್ಷಗಳಲ್ಲಿ ಪ್ರವಾಸಿಗಳಿಂದ ಬರುವ ವರಮಾನದ ಒಂದು ಪಾಲನ್ನು ಕೆಟ್ಟ ವರ್ಷಕ್ಕೆ ಗ್ರಾಮ ಪಂಚಾಯತಿಯ ನಿಧಿಯಾಗಿ ತೆಗೆದಿಡಬೇಕು. ಎಲ್ಲಕ್ಕೂ ಮೊದಲು ಆಸ್ಪತ್ರೆ. 2022ರಲ್ಲಿ ಈ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆ ಬೇಕೆಂದು ದನಿಯೆತ್ತಿದ್ದನ್ನು ಮರೆಯುವಂತಿಲ್ಲ. ಊರಿನ ರೋಗಿಯನ್ನು ಮಂಗಳೂರಿಗೋ ಮಣಿಪಾಲಕ್ಕೋ ಹೊತ್ತೊಯ್ಯುವ ಜಿಲ್ಲೆ ಜಗತ್ತಿನ ಅತಿಥಿಗಳನ್ನು ಯಾವ ಮುಖದಿಂದ ಕರೆದೀತು? ಮುಂದಿನ ಪಿಡುಗು ಬರುವ ದಿನ ಯಾರಿಗೂ ಗೊತ್ತಿಲ್ಲ. ಅದು ಬಂದಾಗ ಪಗಾರ ಕಳೆದುಕೊಳ್ಳುವವರು ಯಾರೆಂಬುದು ಮಾತ್ರ ಈಗಲೇ ಗೊತ್ತಿದೆ. ಅವರು ಈಗಲೇ ಸಂಘಟಿತರಾಗಿ ಈ ಬೇಡಿಕೆಗಳನ್ನು ಮುಂದಿಡಲಿ.